ಖಾಲಿ ಅಂತ ಬರೆಸಿದ ಟ್ಯಾಂಕರ್

ಕಲಾವತಿ ಅರ್ಧ ಮೈಯನ್ನು ಡ್ರಮ್ಮಿನೊಳಗೆ ಇಳಿಸಿ ತೆಂಗಿನ ನಾರಿನಿಂದ ತಳ ಉಜ್ಜುತ್ತಿದ್ದಳು. ಮೇಲಿನ ನೀರನ್ನೆಲ್ಲ ಮೊಗೆದು ಕರಿಬೇವಿನ ಬುಡಕ್ಕೆ ಚೆಲ್ಲಿಯಾಗಿತ್ತು. ಅಡಿಯಲ್ಲಿ ಉಳಿದದ್ದರಲ್ಲಿ ಸೊಳ್ಳೆಮರಿಗಳು ಬಾಲ ಅಲ್ಲಾಡಿಸುತ್ತಿದ್ದವು. ಹಿಂದಿನ ವಾರ ಡೆಂಗೆ ಸರ್ವೆಗೆ ಬಂದ ಹುಡುಗಿ ಹಿತ್ತಲನ್ನೆಲ್ಲ ನೋಡಿ, "ಇದೇನ್ ಆಂಟಿ, ಮನೇನಾ ಕೆರೇನಾ?" ಎಂದು ಕೇಳಿ ಹೋಗಿದ್ದಳು.

"ಎಲ್ಲಾ ಒಂದೇ ಸಲ ಖಾಲಿ ಮಾಡ್ಬೇಡ ಅಂತ ಹೇಳಿದೀನಲ್ಲ" ಎಂದ ಶಿವರಾಮ್, ಹಿತ್ತಲ ಬಾಗಿಲಲ್ಲಿ ನಿಂತು.

"ಒಂದೇ ಡ್ರಮ್ ಕಣ್ರೀ. ಇನ್ನೂ ಎರಡು ತುಂಬಿದೆ. ಬಕೆಟ್ ತುಂಬಿದೆ, ಬಿಂದಿಗೆ ತುಂಬಿದೆ. ಕುಕ್ಕರಲ್ಲೂ ನೀರು ತುಂಬಿಸಿಟ್ಟಿದೀರ. ಬೇಳೆ ಯಾವುದರಲ್ಲಿ ಬೇಯಿಸ್ಲಿ?"

ಅವನು ಪೈಪು ತಂದು ಡ್ರಮ್ಮಿಗೆ ಬಿಟ್ಟು, ಅದು ತುಂಬುವ ತನಕ ಅಲ್ಲೇ ನಿಂತ. ಆಮೇಲೆ ಲಗೇಜ್ ಆಟೋ ತೆಗೆದುಕೊಂಡು ಬಾಡಿಗೆಗೆ ಹೋದ.

ಕೆಂಪಾಪುರದ ಹಿಂಭಾಗದ ಹಳೆ ಬೀದಿಯಲ್ಲಿ ಅವರದು ಜಗಲಿಯ ಮನೆ. ಶಿವರಾಮನ ತಂದೆ ಚಿಕ್ಕಮುನಿಯಪ್ಪ ಹೊಲ ಲೇಔಟಿಗೆ ಹೋದ ಮೇಲೆ ಬಂದ ದುಡ್ಡಿನಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿ, ಮಗನಿಗೊಂದು ನೀರಿನ ಟ್ಯಾಂಕರ್ ತೆಗೆಸಿಕೊಟ್ಟಿದ್ದ. ಆ ಟ್ಯಾಂಕರ್ ಈಗ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಗಾಳಿ ಇಳಿದ ಚಕ್ರಗಳ ಮೇಲೆ ನಿಂತು ತುಕ್ಕು ಹಿಡಿಯುತ್ತಿತ್ತು. ಬಿಸಿಲು ಏರಿದಾಗ ಅದರ ತಗಡು ಡಬ್ ಎಂದು ಸದ್ದು ಮಾಡುತ್ತಿತ್ತು. ಸದ್ದಾದಾಗ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರೂ ಕೈ ನಿಲ್ಲಿಸುತ್ತಿದ್ದರು. ಯಾರೂ ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ, ಹಬ್ಬಕ್ಕೆ ಕಟ್ಟಿದ್ದ ಫ್ಲೆಕ್ಸ್ ಹರಿಯಿತೆಂದು ಬೀದಿಯಲ್ಲಿ ಜಗಳ ಎದ್ದಿತ್ತು. ಯಾರು ಹರಿದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಕತ್ತಲಾಗುವಷ್ಟರಲ್ಲಿ ಗುಂಪು ಗಲ್ಲಿಯ ಒಳಗಿದ್ದ ವಾಜಿದನ ಹಾಸಿಗೆ ಅಂಗಡಿಗೆ ಬೆಂಕಿ ಇಟ್ಟಿತು. ಹತ್ತಿ ಬಡಿಯುವ ಮಿಷಿನ್ ಎಳೆದು ತರಲು ಒಳಗೆ ಹೋದ ವಾಜಿದ್ ಹೊರಗೆ ಬರಲಿಲ್ಲ. ಫೈರ್ ಇಂಜಿನ್ ಬಂತು. ಆದರೆ ಗಲ್ಲಿಯ ಬಾಯಿಗೆ ಟ್ಯಾಂಕರ್ ಅಡ್ಡ ನಿಂತಿತ್ತು. ಅದು ಶಿವರಾಮನ ಟ್ಯಾಂಕರ್.

ಪೊಲೀಸರು ಕೇಳಿದಾಗ ಚಿಕ್ಕಮುನಿಯಪ್ಪ, "ಗಾಡಿ ನನ್ನ ಹೆಸರಲ್ಲೈತೆ ಸ್ವಾಮಿ. ಬ್ರೇಕ್ ಇಡ್ಕಂಡು ನಿಂತೋಯ್ತು. ನೀರಿರ್ಲಿಲ್ಲ, ಖಾಲಿ" ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದ. ಸಾಕ್ಷಿ ಹೇಳುವವರಿಲ್ಲದೆ ಕೇಸು ಬಿದ್ದುಹೋಯಿತು. ವಾಜಿದನ ತಾಯಿ ಜೈಬುನ್ನೀಸಾ, ಹೆಂಡತಿ ಕುಬ್ರಾ, ಮಗಳು ದಿಲ್ಶಾದ್ ಮೂವರೂ ಬೀದಿ ಬಿಟ್ಟು ಹೆಸರಘಟ್ಟದ ಕಡೆ ಹೋದರು.

ಟ್ಯಾಂಕರ್ ಖಾಲಿ ಇರಲಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

*

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ರಾಧಾಮಣಿ ಎಂಬ ಹೆಂಗಸು ಮನೆಗೆ ಬಂದಳು. ಆರ್.ಟಿ. ನಗರದವಳು. ಗಲಭೆ ನಡೆದ ಬೀದಿಗಳಲ್ಲಿ ನೊಂದವರನ್ನೂ ನೋಯಿಸಿದವರನ್ನೂ, ಇಬ್ಬರೂ ಒಪ್ಪಿದರೆ ಮಾತ್ರ, ಒಂದು ಕಡೆ ಕೂರಿಸಿ ಮಾತಾಡಿಸುವ ಕೆಲಸ ಅವಳದು. ಕಲಾವತಿಗೆ ಮಹಿಳಾ ಸಂಘದಲ್ಲಿ ಪರಿಚಯ. ಒಳಗೆ ಬಂದವಳು ಬಾಗಿಲು ತೆಗೆದೇ ಇರಲಿ ಎಂದು ಹೇಳಿ ಚಾಪೆಯ ಮೇಲೆ ಕುಳಿತಳು.

"ಜೈಬುನ್ನೀಸಾ ಅಮ್ಮ ಒಂದೇ ಒಂದು ಮಾತು ಕೇಳ್ತಿದಾರೆ. ಆ ಟ್ಯಾಂಕರಲ್ಲಿ ನೀರಿತ್ತಾ, ಇರ್ಲಿಲ್ವಾ. ನಿಲ್ಲಿಸಿದವರ ಬಾಯಿಂದಾನೇ ಗೊತ್ತಾಗ್ಬೇಕಂತೆ."

ಶಿವರಾಮ್ ತಲೆ ಎತ್ತಲಿಲ್ಲ. ಚಿಕ್ಕಮುನಿಯಪ್ಪ ಜಗಲಿಯಿಂದಲೇ ಹೇಳಿದ. "ಸ್ಟೇಷನ್‌ನಾಗೆ ಬರ್ಸಿದೀವಲ್ಲಮ್ಮ. ಓಗಿ ಓದ್ಕಳ್ಳಿ."

"ಅದನ್ನ ಓದಿಸ್ಕೊಂಡಿದಾರೆ ಯಜಮಾನ್ರೇ. ನಂಬಿಕೆ ಇಲ್ಲ. ಪ್ರತಿದಿನ ಸಂಜೆ ಅದೇ ಯೋಚನೆ ಅಂತೆ. ಇದ್ದೂ ಬಿಡ್ಲಿಲ್ವಾ, ಇಲ್ದೇ ಹೋಯ್ತಾ."

ಶಿವರಾಮನ ತಾಯಿ ಅಕ್ಕಯ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಏನ್ ಮಾಡ್ಬೇಕು ಅಂತೀಯ ತಾಯಿ? ನಾವೆಲ್ಲ ಓಗಿ ಕೇಳ್ಕೊಂಡು ಬರೋದಾ?"

"ಈಗ್ಲೇ ಹೋಗ್ಬೇಡಿ ಅಜ್ಜಿ. ಮೊದಲು ಒಂದು ಕಾಗದ ಬರೀಲಿ. ಏನು ಕೇಳಿಸ್ಕೋತೀನಿ ಅನ್ನೋದು ಅವ್ರಿಗೆ ಮುಂಚೆನೇ ಗೊತ್ತಿರ್ಬೇಕು. ತಟಕ್ಕನೆ ಎದುರಿಗೆ ನಿಂತ್ರೆ ಆ ಸಂಜೆನೇ ವಾಪಸ್ ಬಂದಂಗಾಗುತ್ತೆ. ಓದಿದ ಮೇಲೆ ಕೂರೋದೋ ಬೇಡ್ವೋ, ಎಲ್ಲಿ, ಯಾವತ್ತು, ಎಲ್ಲಾ ಅವ್ರೇ ಹೇಳ್ತಾರೆ. ಕ್ಷಮಿಸಿ ಅಂತ ಕೇಳೋ ಹಂಗಿಲ್ಲ. ಕ್ಷಮಿಸೋದು ಬಿಡೋದು ಅವ್ರಿಗೆ ಬಿಟ್ಟಿದ್ದು."

"ಕಾಗದ ಕೋರ್ಟಿಗೋದ್ರೆ?" ಎಂದ ಚಿಕ್ಕಮುನಿಯಪ್ಪ.

"ಹೋಗಲ್ಲ ಅಂತ ನಾನು ಹೇಳಲ್ಲ. ಲಾಯರನ್ನ ಕೇಳಿ. ಗೊತ್ತಿದ್ದೇ ಬರೀಬೇಕು."

"ನೋಡಿದ್ಯಾ? ಇವ್ರೇ ಏಳ್ತಾವ್ರೆ" ಎಂದು ಚಿಕ್ಕಮುನಿಯಪ್ಪ ಮಗನ ಕಡೆ ಕೈ ಮಾಡಿದ. "ಕುತ್ತಿಗೆಗೆ ಅಗ್ಗ ನಾವೇ ಒಸೆದು ಕೊಡೋದು."

ಕಲಾವತಿ ಕೊಟ್ಟ ಕಾಫಿ ಕುಡಿದು, ರಾಧಾಮಣಿ ಲೋಟ ತಾನೇ ತೊಳೆದಿಟ್ಟು ಹೋದಳು. ಹೋಗುವಾಗ ಹಿತ್ತಲಲ್ಲಿ ಸಾಲಾಗಿ ಇಟ್ಟಿದ್ದ ಬಕೆಟ್ಟುಗಳನ್ನು ಒಂದು ಗಳಿಗೆ ನೋಡಿದಳು.

ಲಾಯರು ಫೋನಿನಲ್ಲಿ, "ಹುಚ್ಚಾ ನಿಂಗೆ? ಒಂದಕ್ಷರ ಬರೀಬೇಡ" ಎಂದ. ಆ ಮಾತನ್ನು ಚಿಕ್ಕಮುನಿಯಪ್ಪ ಮೂರು ಹೊತ್ತಿನ ಊಟದಲ್ಲೂ ಬಡಿಸಿದ. ಶಿವರಾಮ್ ಮಾತ್ರ ಮಗಳ ಹತ್ತಿರ ಹಾಳೆ ಕೇಳಿ ಇಸಿದುಕೊಂಡ.

ಮಗಳು ನಯನಾ ಬಿ.ಕಾಂ. ಮೊದಲ ವರ್ಷ. ದಿಲ್ಶಾದ್ ಮತ್ತು ಅವಳು ಒಂಬತ್ತನೇ ಕ್ಲಾಸಿನವರೆಗೂ ಒಂದೇ ಬೆಂಚು. ಅಪ್ಪ ಬರೆದದ್ದನ್ನು ಓದಿ ವಾಪಸ್ ಕೊಟ್ಟಳು.

"ಇದು ಊರಿನ ಯಜಮಾನ್ರು ಬ್ಯಾಟರಾಯಪ್ಪನ ಬಗ್ಗೆ ಬರೆದಿರೋ ಕಾಗದ ಅಪ್ಪ. ಬ್ಯಾಟರಾಯಪ್ಪ ಹೇಳಿದ್ರು, ಹುಡುಗ್ರು ಕೂಗಾಡಿದ್ರು, ಪೊಲೀಸ್ನೋರು ಲೇಟಾಗಿ ಬಂದ್ರು. ನೀನೇನ್ ಮಾಡ್ದೆ ಅಂತ ಎಲ್ಲಿದೆ?"

"ಬರೀತೀನಿ ಇರು."

"ಆ ಅಜ್ಜಿ ಕೇಳಿರೋದು ಒಂದೇ ಮಾತು. ನೀನು ಅದೊಂದನ್ನ ಬಿಟ್ಟು ಎಲ್ಲಾ ಬರ್ದಿದೀಯ."

"ಮಗಳಾಗಿ ಅಪ್ಪಂಗೆ ಪಾಠ ಏಳ್ತೀಯೇನೇ?" ಎಂದ ತಾತ. "ನಾಳೆ ನಿನ್ ಮದ್ವೆ ಮಾತಾಡಕ್ಕೆ ಬಂದೋರು, ಉಡುಗಿ ಅಪ್ಪ ಜೈಲಾಗವ್ನೆ ಅಂದ್ರೆ?"

"ಅಂಥೋರ ಮನೆಗೆ ನಾನ್ ಹೋಗಲ್ಲ ತಾತ. ಖರ್ಚು ಉಳೀತು ನಿಂಗೆ."

ಮುದ್ದೆ ಮುರಿಯುತ್ತಿದ್ದ ಅಕ್ಕಯ್ಯಮ್ಮ ಮುಖ ತಗ್ಗಿಸಿ ನಕ್ಕಳು. ಆಗ ಹೊರಗೆ ತಗಡು ಡಬ್ ಎಂದಿತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು.

*

ಬ್ಯಾಟರಾಯಪ್ಪ ಊರಿನ ಹಿರಿತಲೆ. ಹಳೆ ಜಗಳಗಳನ್ನೆಲ್ಲ ಗುಡಿ ಕಟ್ಟೆಯ ಮೇಲೆ ಕೂರಿಸಿ ಮುಗಿಸಿದವನು. ಕಾಗದದ ಸುದ್ದಿ ಕಿವಿಗೆ ಬಿದ್ದದ್ದೇ ಮನೆಗೆ ಬಂದ.

"ಕಾಗದ ಗೀಗದ ಯಾಕ್ಲಾ? ನಮ್ಮೋರು ಎಂಗ್ ಮಾಡ್ತಿದ್ರು? ಅತ್ತಾರು ಜನ ಓಗೋದು. ತಟ್ಟೇಲಿ ಅಣ್ಣು, ಎಲೆ ಅಡಿಕೆ, ಒಂದು ಸೀರೆ. ಇರಿಯವ್ರು ಆಗಿದ್ದಾಯ್ತು ಅಂತ ಒಂದು ಮಾತು ಏಳೋದು. ಅವ್ರು ಎಲೆ ಮುಟ್ಟಿದ್ರೆ ಅಲ್ಲಿಗೆ ತೀರ್ತು. ಬರವಣಿಗೆ ಇಲ್ಲ, ಸಾಕ್ಷಿ ಇಲ್ಲ."

"ರಾಧಾಮಣಿ ಮೇಡಂ ಹೋಗ್ಬೇಡಿ ಅಂದವ್ರೆ" ಎಂದಳು ಕಲಾವತಿ.

"ಆಯಮ್ಮಂಗೆ ನಮ್ಮೂರ್ ಪದ್ಧತಿ ಏನ್ ಗೊತ್ತವ್ವ?"

ಅಕ್ಕಯ್ಯಮ್ಮನಿಗೂ ಅದು ಸರಿಯೆನಿಸಿತು. ಜೈಬುನ್ನೀಸಾ ಅವಳಿಗೆ ಹೊಸಬಳಲ್ಲ. ಮೊಹರಮ್ಮಿನಲ್ಲಿ ಬಾಬಯ್ಯನ ಹಬ್ಬಕ್ಕೆ ಶಿವರಾಮನ ಹೆಸರಿನಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಿದ್ದದ್ದು ಅವಳ ಮನೆಯಿಂದಲೇ. ಶಿವರಾಮನ ಮದುವೆಯ ಹಾಸಿಗೆಗೆ ಬೂರುಗದ ಹತ್ತಿ ಬಡಿದು ತುಂಬಿದವಳೂ ಅವಳೇ. ಆ ಹಾಸಿಗೆ ಈಗಲೂ ಮಂಚದ ಮೇಲಿತ್ತು. ಶಿವರಾಮ್ ನಾಲ್ಕು ವರ್ಷದಿಂದ ಕೆಳಗೆ ಚಾಪೆಯ ಮೇಲೆ ಮಲಗುತ್ತಿದ್ದ.

ಅವನಿಗೂ ಕಾಗದಕ್ಕಿಂತ ಇದು ಸುಲಭವೆನಿಸಿತು.

ಭಾನುವಾರ ಸಂಜೆ ಲಗೇಜ್ ಆಟೋದ ಹಿಂದೆ ಬ್ಯಾಟರಾಯಪ್ಪ, ಚಿಕ್ಕಮುನಿಯಪ್ಪ, ಇನ್ನಷ್ಟು ಗಂಡಸರು ಹತ್ತಿದರು. ಅಕ್ಕಯ್ಯಮ್ಮ ತಟ್ಟೆ ಹಿಡಿದು ಮುಂದೆ ಕುಳಿತಳು. ನಯನಾ, ತಾನಿಲ್ಲದೆ ದಿಲ್ಶಾದಳನ್ನು ಯಾರು ಮಾತಾಡಿಸುತ್ತೀರಿ ಎಂದು ಹಟ ಹಿಡಿದು ತೂರಿಕೊಂಡಳು. ಕಲಾವತಿ ಬರಲಿಲ್ಲ. "ನೀವು ಹೋಗ್ತಿರೋದು ಅವ್ರಿಗೋಸ್ಕರ ಅಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಹೆಸರಘಟ್ಟ ದಾಟಿ ಹಾಲಿನ ಡೈರಿಯ ಹಿಂದೆ ಒಂದು ಇಕ್ಕಟ್ಟು ಗಲ್ಲಿ. ಶಿವರಾಮ್ ಗಾಡಿಯನ್ನು ಎಲ್ಲಿ ಹಾಕುವುದೆಂದು ನೋಡುತ್ತಿದ್ದ. ಹಿಂದಿನಿಂದ ಬ್ಯಾಟರಾಯಪ್ಪ ತಗಡು ಬಡಿದು ಹೇಳಿದ.

"ಇಲ್ಲೇ ಅಡ್ಡ ಆಕ್ಲಾ, ಏನಾಗಲ್ಲ."

ಶಿವರಾಮ್ ಅಡ್ಡ ಹಾಕಿದ. ಕೀಲಿ ತೆಗೆದು ಜೇಬಿಗಿಟ್ಟ. ಆಮೇಲೆ ಅವನ ಕೈ ಜೇಬಿನಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆಯೂ ಇದೇ ಬಾಯಿ ಇದೇ ಮಾತು ಹೇಳಿತ್ತು.

ಗಂಡಸರು ಧಪಧಪನೆ ಇಳಿದರು. ಗಲ್ಲಿಯ ತುದಿಯ ಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಜೈಬುನ್ನೀಸಾ ತಲೆ ಎತ್ತಿದಳು. ಅಡ್ಡ ನಿಂತ ಗಾಡಿ ಕಂಡಿತು, ಅದರ ಮುಂದೆ ಗುಂಪು ಕಂಡಿತು. ಮೊರ ಕೈಯಿಂದ ಜಾರಿತು. ಅವಳು ಕೂಗಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡಳು.

ಕುಬ್ರಾ ಹೊರಗೆ ಬಂದಳು. ಬಂದವರು ಯಾರೆಂದು ನೋಡಲಿಲ್ಲ. ಬಾಗಿಲ ಪಕ್ಕದಲ್ಲಿ ಇದ್ದ ಬಕೆಟ್ ಎತ್ತಿ ಬಾಗಿಲಿಗೆ ನೀರು ಎರಚಿದಳು. ಇನ್ನೊಂದು ಬಕೆಟ್ ಎತ್ತಿ ಪರದೆಗೆ ಎರಚಿದಳು. ಆಮೇಲೆ ಹೊಸ್ತಿಲಿಗೆ. ಅವಳ ಕೈ ಅದನ್ನು ಎಷ್ಟೋ ಸಲ ಅಭ್ಯಾಸ ಮಾಡಿದ ಹಾಗಿತ್ತು.

ಶಿವರಾಮ್ ನೋಡಿದ. ಗೋಡೆಯುದ್ದಕ್ಕೂ ಬಕೆಟ್ಟುಗಳು, ಬಿಂದಿಗೆಗಳು, ಎಣ್ಣೆ ಡಬ್ಬಗಳು. ಎಲ್ಲವೂ ಅಂಚಿನವರೆಗೆ ತುಂಬಿದ್ದವು. ಅವನ ಹಿತ್ತಲಿನಲ್ಲಿ ಇದ್ದ ಹಾಗೆಯೇ.

"ಅಮ್ಮಣ್ಣೀ, ಎದರ್ಕಬ್ಯಾಡ, ನಾವು ಮರ್ಯಾದೆಯಾಗಿ ಬಂದಿದೀವಿ" ಎಂದು ಬ್ಯಾಟರಾಯಪ್ಪ ಮುಂದೆ ನಡೆದ.

ದಿಲ್ಶಾದ್ ಅಡ್ಡ ಬಂದಳು. "ಅಲ್ಲೇ ನಿಲ್ಲಿ. ಮೊದ್ಲು ಆ ಗಾಡಿ ತೆಗೀರಿ." ಅವಳ ಕಣ್ಣು ನಯನಾಳ ಮೇಲೆ ಬಿತ್ತು, ಆಮೇಲೆ ತಟ್ಟೆಯ ಮೇಲೆ. "ಅಕ್ಕಯ್ಯಮ್ಮಜ್ಜಿ, ನೀವೂನಾ?"

ಅಕ್ಕಯ್ಯಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿದಳು. ಬಚ್ಚಲ ಒಳಗೆ ನಲ್ಲಿ ಜೋರಾಗಿ ಬಿಟ್ಟ ಸದ್ದು ಗಲ್ಲಿಯವರೆಗೂ ಕೇಳುತ್ತಿತ್ತು. ಶಿವರಾಮ್ ಓಡಿಹೋಗಿ ಗಾಡಿ ಹಿಂದಕ್ಕೆ ತೆಗೆದ.

*

ಆ ದಿನ ಮನೆಯಲ್ಲಿ ಒಲೆ ಹಚ್ಚಿದ್ದು ತಡವಾಯಿತು. ತಟ್ಟೆಯ ಬಾಳೆಹಣ್ಣು ಹಾಗೇ ಇತ್ತು. ಯಾರೂ ಮುಟ್ಟಲಿಲ್ಲ.

"ನಾವ್ ಒಳ್ಳೇದಕ್ಕೇ ಓಗಿದ್ದು" ಎಂದ ಚಿಕ್ಕಮುನಿಯಪ್ಪ. "ಅವ್ರಿಗೆ ತಿಳೀನಿಲ್ಲ."

"ತಿಳೀತು ಕಣಪ್ಪ" ಎಂದ ಶಿವರಾಮ್. "ಚೆನ್ನಾಗೇ ತಿಳೀತು. ಅವತ್ತೂ ನಾನು ಇಂಗೇ ನಿಲ್ಸಿದ್ದೆ."

ಕಲಾವತಿ ಸೌಟು ಕೆಳಗಿಟ್ಟಳು.

"ವಾಜಿದ್ ನನ್ನ ಕೂಗ್ದ. ಶಿವಣ್ಣಾ, ನೀರ್ ಬಿಡು ಅಂದ. ಎಲ್ರೂ ಕಿರುಚಾಡ್ತಿದ್ರು, ಆದ್ರೂ ಅದು ಕೇಳಿಸ್ತು. ಅಂಗ್ಡಿ ಒಳಗಿಂದ ಎರಡು ಸಲ ಕೂಗ್ದ. ವಾಲ್ವು ನನ್ ಪಕ್ಕದಲ್ಲೇ ಇತ್ತು. ಕೈ ಇಟ್ಟೆ. ಬ್ಯಾಟರಾಯಪ್ಪ ನೋಡ್ತಾ ಇದ್ದ, ಹುಡುಗ್ರು ನೋಡ್ತಾ ಇದ್ರು. ಕೈ ತೆಗ್ದೆ."

ಅಷ್ಟು ಹೇಳಿ ಅವನು ಊಟ ಶುರು ಮಾಡಿದ. ಎರಡು ತುತ್ತು ನುಂಗಿ ತಟ್ಟೆ ಸರಿಸಿದ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಅಕ್ಕಯ್ಯಮ್ಮ ತಟ್ಟೆ ಎತ್ತಿಕೊಂಡು ಹೋಗಿ, ಉಳಿದ ಅನ್ನವನ್ನು ಹಸುವಿನ ಬಾನಿಗೆ ಹಾಕುತ್ತಾ ಅಲ್ಲೇ ನಿಂತು ಅತ್ತಳು.

ಮಾರನೆಯ ದಿನ ರಾಧಾಮಣಿ ಬಂದಳು. ಬೈಯಲಿಲ್ಲ.

"ಅವ್ರು ಈಗ ಬೇಡ ಅಂತಿದಾರೆ. ನಿದ್ದೆ ಇಲ್ಲ. ಒಲೆ ಹಚ್ಚಿದ್ರೂ ಬೆಚ್ಚಿಬೀಳ್ತಾರಂತೆ."

"ನಾನ್ ಒಬ್ಳೇ ಓಗ್ಬರ್ಲಾ?" ಎಂದಳು ಅಕ್ಕಯ್ಯಮ್ಮ. "ಒಟ್ಟಿಗೆ ಬಾಳಿದೋರು. ಕಾಲ್ ಇಡ್ಕೋತೀನಿ."

"ಬೇಡ ಅಜ್ಜಿ. ನೀವು ಕಾಲು ಹಿಡಿದ್ರೆ ಅವ್ರು ನಿಮ್ಮನ್ನ ಎಬ್ಬಿಸಿ ಸಮಾಧಾನ ಮಾಡ್ಬೇಕಾಗುತ್ತೆ. ಅವ್ರ ಹತ್ರ ಈಗ ಅಷ್ಟು ಶಕ್ತಿ ಇಲ್ಲ."

"ಮತ್ತೆ ನಾವೇನ್ ಮಾಡೋದು?"

"ಕಾಯೋದು."

ಕಾದರು. ಗೌರಿ ಹಬ್ಬ ಬಂತು, ಹೋಯಿತು. ಗಣೇಶನ ಮೆರವಣಿಗೆ ಬೀದಿಯಲ್ಲಿ ಹೋಗುವಾಗ ಶಿವರಾಮ್ ಹಿತ್ತಲಲ್ಲಿ ಬಕೆಟ್ಟುಗಳ ಮಧ್ಯೆ ಕುಳಿತಿದ್ದ. ತಮಟೆ ದೂರವಾದ ಮೇಲೆ ಕಲಾವತಿ ಕಾಫಿ ತಂದುಕೊಟ್ಟಳು. ಡ್ರಮ್ಮು ಉಜ್ಜುವಾಗ ಈಗ ಅವಳು ಬೈಯುತ್ತಿರಲಿಲ್ಲ. ಉಜ್ಜಿ, ತಾನೇ ತುಂಬಿಸಿಡುತ್ತಿದ್ದಳು.

ದಸರೆ ರಜೆಯಲ್ಲಿ ನಯನಾಳ ಫೋನಿಗೆ ದಿಲ್ಶಾದಳ ಮೆಸೇಜ್ ಬಂತು. ಅವಳು ಅದನ್ನು ಎಲ್ಲರೆದುರು ಓದಿದಳು. "ನಮ್ಮಜ್ಜಿ ಹೇಳ್ತಿದಾರೆ, ಕಾಗದ ಬರ್ಲಿ. ಯಾರೂ ಬರ್ಬಾರ್ದು. ಸಾದಾ ಪೋಸ್ಟಲ್ಲಿ ಹಾಕಿ, ರಿಜಿಸ್ಟರ್ ಬೇಡ. ರಿಜಿಸ್ಟರ್ ಆದ್ರೆ ಪೋಸ್ಟ್‌ಮ್ಯಾನ್ ಬಾಗಿಲು ಬಡೀತಾನೆ."

"ಸಾದಾ ಪೋಸ್ಟಲ್ಲಿ ಕಳೆದೋದ್ರೆ?" ಎಂದಳು ಅಕ್ಕಯ್ಯಮ್ಮ.

"ಕಳೆದೋದ್ರೆ ಇನ್ನೊಂದು ಬರೀತೀನಿ" ಎಂದ ಶಿವರಾಮ್.

ಆದರೂ ಬರೆಯಲಾಗಲಿಲ್ಲ. ಬೆಳಿಗ್ಗೆ ಬರೆಯುತ್ತಿದ್ದ, ಸಂಜೆ ಹರಿಯುತ್ತಿದ್ದ. ಹರಿದ ಹಾಳೆಯಲ್ಲಿ ಅಕ್ಕಯ್ಯಮ್ಮ ನೀರೊಲೆ ಹಚ್ಚುತ್ತಿದ್ದಳು. ಚಿಕ್ಕಮುನಿಯಪ್ಪ ಅದನ್ನು ನೋಡಿ, "ಸರಿಯಾದ್ ಜಾಗಕ್ಕೇ ಓಗ್ತಾ ಐತೆ" ಎನ್ನುತ್ತಿದ್ದ. ಒಂದು ದಿನ ಅಕ್ಕಯ್ಯಮ್ಮನಿಗೆ ತಡೆಯಲಾಗಲಿಲ್ಲ.

"ನಿಂಗ್ ಯಾವ್ದರ್ ಭಯ? ಜೈಲಿನದ್ದಾ, ಮಾನದ್ದಾ?"

"ನನ್ ಎಬ್ಬೆಟ್ ಐತಲ್ಲೇ ಅಲ್ಲಿ" ಎಂದ ಮುದುಕ. "ಅವ್ನು ನೀರಿತ್ತು ಅಂತ ಬರುದ್ರೆ, ನಾನು ಸುಳ್ಳ ಅಂತ ಬರ್ದಂಗೆ. ಈ ವಯಸ್ನಾಗೆ ಮಗನ್ ಕೈಲಿ ಸುಳ್ಳ ಅನ್ನಿಸ್ಕಬೇಕಾ?"

"ನೀನು ಸುಳ್ಳೇಳಿದ್ದು ಅವ್ನ ಉಳಿಸ್ಕಳಕ್ಕೆ. ಉಳುದ್ನಾ? ನೋಡು. ಬಕೀಟು ಕಾಯ್ಕಂಡು ಕೂತವ್ನೆ."

ಮುದುಕ ಎದ್ದು ಹೋಗಿ ಟ್ಯಾಂಕರಿನ ಪಕ್ಕ ನಿಂತ. ವಾಲ್ವಿನ ಮೇಲೆ ಬಳ್ಳಿ ಹಬ್ಬಿತ್ತು. ಕಿತ್ತು ಹಾಕಲು ಕೈ ಚಾಚಿದವನು ಮುಟ್ಟದೆ ಒಳಗೆ ಬಂದ.

*

ದೀಪಾವಳಿಗೆ ಇನ್ನೂ ವಾರ ಇತ್ತು. ಬೀದಿಯಲ್ಲಿ ಆಗಲೇ ಪಟಾಕಿ ಶುರುವಾಗಿತ್ತು. ಒಂದು ಪಟಾಕಿ ಬಾಗಿಲ ಹತ್ತಿರವೇ ಸಿಡಿದಾಗ ಶಿವರಾಮ್ ಬೆಚ್ಚಿ, ಕೈಯಲ್ಲಿದ್ದ ಲೋಟದ ನೀರನ್ನು ಗೋಡೆಗೆ ಎರಚಿದ. ಎರಚಿದ ಮೇಲೆ ಲೋಟ ನೋಡಿಕೊಂಡ. ಕುಬ್ರಾಳ ಕೈ ನೆನಪಾಗಿರಬೇಕು.

"ಅಲ್ಲೂ ಪಟಾಕಿ ಹೊಡೀತಾ ಇರ್ತಾರೆ" ಎಂದ. ನಯನಾಳಿಂದ ಹಾಳೆ ಇಸಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತು ಬರೆದ. ಕಲಾವತಿ ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಬರೆದು ಮುಗಿದಿತ್ತು. ಅವಳ ಕೈಗೆ ಕೊಟ್ಟ. ಅವಳು ಅತ್ತೆಗೂ ಕೇಳುವ ಹಾಗೆ ಓದಿದಳು.

"ಜೈಬುನ್ನೀಸಾ ಅಮ್ಮನವರಿಗೆ, ಶಿವರಾಮ್ ಬರೆಯುವುದು. ಟ್ಯಾಂಕರಿನಲ್ಲಿ ನೀರು ತುಂಬಿತ್ತು. ಅಡ್ಡ ನಿಲ್ಲಿಸಿದವನು ನಾನು. ಕೀಲಿ ನನ್ನ ಜೇಬಿನಲ್ಲಿತ್ತು. ವಾಜಿದ್ ನನ್ನ ಹೆಸರು ಹಿಡಿದು ನೀರು ಬಿಡು ಎಂದು ಕೂಗಿದ್ದು ನನಗೆ ಕೇಳಿಸಿತು. ನಾನು ಬಿಡಲಿಲ್ಲ. ಖಾಲಿ ಇತ್ತು ಎಂದು ಬರೆಸಿದ್ದು ಸುಳ್ಳು. ನಿಮ್ಮ ಮನೆಗೆ ಗುಂಪು ಕಟ್ಟಿಕೊಂಡು ಬಂದದ್ದೂ ತಪ್ಪು. ನೀವು ಕರೆಯದೆ ಇನ್ನು ಬರುವುದಿಲ್ಲ. ನಿಮ್ಮಿಂದ ನನಗೇನೂ ಬೇಡ. ನೀವು ಎಲ್ಲಿ ಹೇಳು ಅಂದರೂ, ಕೋರ್ಟಿನಲ್ಲಾದರೂ, ಇದನ್ನೇ ಹೇಳುತ್ತೇನೆ."

ಓದಿ ಮುಗಿದ ಮೇಲೆ ಅವಳು ಒಲೆ ಆರಿಸಿದಳು. ನಯನಾ ಕವರಿನ ಮೇಲೆ ವಿಳಾಸ ಬರೆದು ಸ್ಟಾಂಪು ಅಂಟಿಸಿದಳು. ಅಕ್ಕಯ್ಯಮ್ಮ, "ಅದ್ರಾಗೆ ಸಕ್ಕರೆ ವಿಷ್ಯ ಬರೀನಿಲ್ವಾ?" ಎಂದು ಕೇಳಿದಳು.

"ಬೇಡಮ್ಮ. ನಮ್ಮನ್ನ ಮರೀಬೇಡಿ ಅಂತ ಕೇಳ್ದಂಗಾಗುತ್ತೆ" ಎಂದ ಶಿವರಾಮ್.

"ಆಗ್ಲಿ ಬಿಡು" ಎಂದು ಅವಳು ಸೆರಗು ಸರಿಮಾಡಿಕೊಂಡು ಹೊರಟಳು. "ನಾನೂ ಬತ್ತೀನಿ, ಪೋಸ್ಟ್ ಡಬ್ಬದವರ್ಗೂ."

ಜಗಲಿಯ ಮೇಲೆ ಚಿಕ್ಕಮುನಿಯಪ್ಪ ಕುಳಿತಿದ್ದ. ಒಳಗೆ ಓದಿದ್ದೆಲ್ಲ ಅವನಿಗೆ ಕೇಳಿಸಿತ್ತು. ಎರಡೂ ಕಾಲುಗಳನ್ನು ಮೆಟ್ಟಿಲಿಗೆ ಅಡ್ಡ ಚಾಚಿಕೊಂಡು, ಎದುರು ಮನೆಯ ಗೋಡೆ ನೋಡುತ್ತಿದ್ದ. ಶಿವರಾಮ್ ಅವನ ಕಾಲುಗಳ ಮುಂದೆ ಬಂದು ನಿಂತ.

"ದಾರಿ ಬಿಡಪ್ಪ."

ಮುದುಕ ಅಲ್ಲಾಡಲಿಲ್ಲ. ಸೈಟಿನಲ್ಲಿ ತಗಡು ಡಬ್ ಎಂದಿತು. ಈ ಸಲ ಅವನು ತಿರುಗಿ ಅದರ ಕಡೆ ನೋಡಿದ. ಶಿವರಾಮ್ ದಾಟಬಹುದಿತ್ತು. ದಾಟಲಿಲ್ಲ, ನಿಂತೇ ಇದ್ದ. ಬಹಳ ಹೊತ್ತಾದ ಮೇಲೆ ಮುದುಕ ಒಂದು ಮೊಣಕಾಲಿಗೆ ಕೈ ಕೊಟ್ಟು ಎಳೆದುಕೊಂಡ, ಆಮೇಲೆ ಇನ್ನೊಂದನ್ನು.

"ಕವರು ಸರಿಯಾಗಿ ಅಂಟ್ಸಿದೀರಾ?" ಎಂದ, ಯಾರ ಮುಖವನ್ನೂ ನೋಡದೆ.

"ಅಂಟ್ಸಿದೀನಿ ತಾತ" ಎಂದಳು ಒಳಗಿನಿಂದ ನಯನಾ.

ಬೀದಿಯ ಕೊನೆಯಲ್ಲಿ, ಹಾಸಿಗೆ ಅಂಗಡಿ ಇದ್ದ ಗಲ್ಲಿಯ ಬಾಯಲ್ಲೇ, ಕೆಂಪು ಡಬ್ಬ ಇತ್ತು. ಶಿವರಾಮ್ ನಾಲ್ಕು ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಈಗ ಹೋಗಿ, ಟ್ಯಾಂಕರ್ ನಿಲ್ಲಿಸಿದ್ದ ಜಾಗದ ಮೇಲೇ ನಿಂತ. ಒಳಗೆ ಅಂಗಡಿಯ ಜಾಗದಲ್ಲಿ ಯಾರದೋ ಬೈಕುಗಳು ಇದ್ದವು. ಗೋಡೆಯ ಮೇಲಿನ ಮಸಿಗೆ ಸುಣ್ಣ ಹೊಡೆದಿದ್ದರೂ ಬಣ್ಣ ಹಿಡಿದಿರಲಿಲ್ಲ.

ಅವನು ಕವರನ್ನು ಡಬ್ಬದ ಬಾಯಿಗೆ ಹಿಡಿದ. ಕೈ ಅಲ್ಲೇ ನಿಂತಿತು, ಅವತ್ತು ವಾಲ್ವಿನ ಮೇಲೆ ನಿಂತ ಹಾಗೆ. ಅಕ್ಕಯ್ಯಮ್ಮ ಅವನ ಮುಖ ನೋಡಿದಳು.

ಅವನು ಕವರನ್ನು ಬಿಟ್ಟ. ಒಳಗೆ ಕಾಗದ ತಳಕ್ಕೆ ಬಿದ್ದದ್ದು ಇಬ್ಬರಿಗೂ ಕೇಳಿಸಿತು.